ಬಾಗಿಲು ಹಾಕುವ ಹೊತ್ತಿನ ಸಿಟ್ಟು

ಚಿರಂಜೀವಿ ಪುಟ್ಟಿಗೆ, ದಾವಣಗೆರೆಯಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ಇಲ್ಲಿನ ಸಮಾಚಾರವನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಮತ್ತೆ ಬರೆಯುವುದಿಲ್ಲ. ಕೊನೆಯಲ್ಲಿ, ಸಹಿಯ ಮೇಲೆ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕೇ ಈ ಉತ್ತರ. "ರಾತ್ರಿ ಒಂಬತ್ತು ಹತ್ತಿರ ಬಂದಾಗ ನಮ್ಮ ಸೀರೆ ಅಂಗಡಿ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಮೈ ಉರಿಯುತ್ತೆ. ನಾನು ಕೆಟ್ಟವಳಾಗ್ತಿದ್ದೀನಾ ದೊಡ್ಡಪ್ಪ?" ಅಂತ. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇಲ್ಲಮ್ಮ, ನೀನು ಕೆಟ್ಟವಳಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ. ಆದರೂ ಹೆದರಿಕೆ ಆಗಿದೆ. ಆ ಉರಿ ನನಗೆ ಗೊತ್ತು.

ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲದ ಈ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೆಕ್ಕೆಜೋಳದ ಸುಗ್ಗಿ. ಗಲ್ಲಾ ಎಣಿಸಿ ಆಗಿತ್ತು. ದಿನದ ಮೊತ್ತ ಬರೆದು ಕೆಳಗೆ ಗೆರೆ ಎಳೆದಿದ್ದೆ. ಶಟರ್ ಅರ್ಧಕ್ಕೆ ಇಳಿದಿತ್ತು. ಅದರಡಿ ಬಗ್ಗಿಕೊಂಡು ಒಬ್ಬ ತಾಯಿ ಒಳಗೆ ಬಂದರು. ಅರವತ್ತರ ಹತ್ತಿರ ವಯಸ್ಸು. "ಒಂದು ಇಳಕಲ್ ಸೀರಿ ಕೊಡಪ್ಪಾ, ಮಗಳಿಗೆ. ನಾಳೆ ಕೂಸಿನ ತೊಟ್ಟಿಲು ಐತಿ" ಅಂದರು. ನಾನು ತಲೆ ಎತ್ತಲಿಲ್ಲ. "ಹೊತ್ತುಗೊತ್ತು ಇಲ್ಲವೇನಮ್ಮಾ? ನಾಳೆ ಬಾ" ಅಂದೆ. ಗೆರೆ ಎಳೆದ ಮೇಲೆ ಇನ್ನೊಂದು ಬಿಲ್ ಬರೆಯಬೇಕಲ್ಲ ಅನ್ನುವ ಸಿಟ್ಟು. ಅವರು ಮತ್ತೆ ಬಗ್ಗಿ ಹೊರಗೆ ಹೋದರು.

ಹೊರಗೆ ಅವರ ಜೊತೆ ಮಾತಾಡಿದ ನಮ್ಮ ಅಂಗಡಿ ಹುಡುಗ ಬಂದು ಹೇಳಿದ. ಮಂಡಿಯಲ್ಲಿ ಮೆಕ್ಕೆಜೋಳದ ತೂಕ ತಡವಾಗಿ, ದುಡ್ಡು ಕೈಗೆ ಬಂದಾಗ ಎಂಟೂವರೆ ದಾಟಿತ್ತಂತೆ. ಸುಗ್ಗಿಯಲ್ಲಿ ಹಳ್ಳಿಯವರು ಯಾಕೆ ಅಷ್ಟು ಹೊತ್ತಿಗೆ ಅಂಗಡಿಗೆ ಬರುತ್ತಾರೆ ಅಂತ, ಇದೇ ಊರಿನಲ್ಲಿ ಇಷ್ಟು ವರ್ಷ ದುಡಿದ ನನಗೆ ಗೊತ್ತಿರಬೇಕಿತ್ತು. ಮಾರನೇ ದಿನ ಬಾಗಿಲು ತೆಗೆದಾಗಿನಿಂದ ರಸ್ತೆ ನೋಡುತ್ತಲೇ ಇದ್ದೆ. ಅವರು ಬರಲಿಲ್ಲ.

ಆವತ್ತು ಸಿಟ್ಟು ಬಂದದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ತಲೆ ಎತ್ತಿ ಒಂದು ಸಲ ಆ ಮುಖ ನೋಡಲಿಲ್ಲವಲ್ಲ, ಅದು ಕೊರೆಯುತ್ತೆ.

ಆ ಸಿಟ್ಟು ಅಂಗಡಿಯಲ್ಲೇ ಉಳಿದಿದ್ದರೂ ಚೆನ್ನಾಗಿತ್ತು. ನನ್ನ ಮಗ, ನಿಮ್ಮಣ್ಣ, ಆಗ ಚಿಕ್ಕವನು. ರಾತ್ರಿ ನಾನು ಬರುವವರೆಗೂ ಹೊಸ್ತಿಲ ಹತ್ತಿರ ಕಾಯುತ್ತಿದ್ದ. ಅವನ ನೆರಳು ಕಂಡರೂ "ಇನ್ನೂ ಮಲಗಿಲ್ವಾ" ಅಂತ ರೇಗುತ್ತಿದ್ದೆ. ಸ್ವಲ್ಪ ದಿನಕ್ಕೆ ಕಾಯುವುದನ್ನು ಬಿಟ್ಟ. ನಿನ್ನ ಸಾಲು ಓದಿದಾಗ ನನಗೆ ಮೊದಲು ಕಂಡದ್ದು ಆ ಹೊಸ್ತಿಲು.

ನಿನ್ನ ಕಷ್ಟ ನನ್ನದಕ್ಕಿಂತ ಜಾಸ್ತಿ, ಅದು ಗೊತ್ತು. ನಾನು ಗಾದಿ ಮೇಲೆ ಕೂತವನು. ನೀನು ಬೆಳಿಗ್ಗೆಯಿಂದ ನಿಂತೇ ಇರುತ್ತೀಯ. ಎಂಟೂ ಐವತ್ತಕ್ಕೆ ಬಂದು, ಮೂವತ್ತು ಸೀರೆ ಬಿಚ್ಚಿಸಿ, "ಸುಮ್ನೆ ನೋಡೋಣ ಅಂತ ಬಂದ್ವಿ" ಅಂದು ಹೋಗುವವರದು ತಪ್ಪೇ. ಬಿಚ್ಚಿದ್ದನ್ನೆಲ್ಲ ಜರಿ ಮುರಿಯದ ಹಾಗೆ ಮಡಿಸಿಡುವ ಕೆಲಸ ಅವರಿಗೆ ಕಾಣುವುದಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಲ್ಲುವವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನು ತಂದರು. ಆ ಸುದ್ದಿ ಓದಿದ ದಿನ ನಮ್ಮ ಅಂಗಡಿಯ ಹುಡುಗರ ಊದಿದ ಕಾಲು ನೆನಪಾಯಿತು. ಅವರಿಗೊಂದು ಸ್ಟೂಲ್ ಹಾಕಿಸಿ ಅಂತ ನಾನು ಯಜಮಾನರಿಗೆ ಒಂದು ದಿನವೂ ಹೇಳಲಿಲ್ಲ. ನಿನ್ನ ಉರಿಯಲ್ಲಿ ಅರ್ಧದಷ್ಟು ಕಾಲಿನ ನೋವೇ ಇರಬೇಕು, ಅಲ್ವಾ?

ಏನು ಮಾಡು ಅಂತ ಹೇಳಲಿ? ನಿಮ್ಮ ಬೆಂಗಳೂರಿನ ಅಂಗಡಿಗೆ ನನ್ನ ಕಾಲದ ಮಾತು ಹೊಂದುತ್ತೋ ಇಲ್ಲವೋ. ತಡವಾಗಿ ಬಂದವರಿಗೆ ರ‍್ಯಾಕಿನಿಂದ ಸೀರೆ ತೆಗೆಯುವ ಮೊದಲೇ ಕೇಳಿಬಿಡು: ಯಾರಿಗೆ, ಯಾವ ಬಣ್ಣ, ಎಷ್ಟರೊಳಗೆ, ಯಾವತ್ತಿಗೆ ಬೇಕು. ಇವತ್ತೇ ಬೇಕಾದವರು ಬೇಗ ಆರಿಸುತ್ತಾರೆ. ಉಳಿದವರಿಗೆ, "ಇನ್ನು ಹತ್ತು ನಿಮಿಷಕ್ಕೆ ಬಾಗಿಲು ಹಾಕ್ತೀವಿ ಅಕ್ಕಾ, ನಾಲ್ಕು ತೋರಿಸ್ತೀನಿ. ಇಷ್ಟವಾದದ್ದು ಎತ್ತಿಟ್ಟಿರ್ತೀನಿ, ನಾಳೆ ಬನ್ನಿ" ಅನ್ನು. ಜನ ಒಳಗಿರುವಾಗ ಲೈಟ್ ಆರಿಸುವುದು, ಕಾಲ ಹತ್ತಿರ ಕಸ ಗುಡಿಸುವುದು ಬೇಡ. ವಯಸ್ಸಾದವರು ಹೊರಗೆ ಹೋಗುವಾಗ ಶಟರ್ ಪೂರ್ತಿ ಎತ್ತಿಸು. ಇದೊಂದು ನನಗೋಸ್ಕರ ಮಾಡು.

ನಾನಂತೂ ಈಗ ರಾತ್ರಿ ಎಂಟರ ಮೇಲೆ ಯಾವ ಅಂಗಡಿಗೂ ಹೋಗುವುದಿಲ್ಲ. ಹೋಗಲೇಬೇಕಾದರೆ ಹೊರಗೇ ನಿಂತು, "ಒಂದು ಪಂಚೆ ಸಾಕು, ಚಿಲ್ಲರೆ ಇದೆ, ಕೊಡ್ತೀರಾ?" ಅಂತ ಕೇಳುತ್ತೇನೆ. ಆಗಲ್ಲ ಅಂದರೆ ವಾಪಸ್ ಬರುತ್ತೇನೆ.

ಇನ್ನೊಂದು. ಕಾನೂನು ಹೇಳಿ ನಿನ್ನ ತಲೆ ತಿನ್ನಬಾರದು, ಆದರೂ ಲೆಕ್ಕ ಬರೆದವನಿಗೆ ತಡೆಯುವುದಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಇದೆ. ಅದಕ್ಕಿಂತ ಜಾಸ್ತಿ ದುಡಿಸಿಕೊಂಡರೆ ಓವರ್‌ಟೈಮ್ ಕೊಡಬೇಕು. ಶಟರ್ ಇಳಿದ ಮೇಲೆ ನೀನು ಮಡಿಸುವ ಸೀರೆಯೂ ಕೆಲಸವೇ. ಆ ಹೊತ್ತನ್ನು ಒಂದು ಪುಟ್ಟ ಪುಸ್ತಕದಲ್ಲಿ ದಿನಾ ಬರೆದಿಡು. ಜಗಳಕ್ಕಲ್ಲ. ನಾಲ್ಕು ಜನ ಹುಡುಗಿಯರು ಸೇರಿ ಯಜಮಾನರ ಹತ್ತಿರ ಮೆತ್ತಗೆ ಮಾತಾಡಿ. ಒಬ್ಬಳೇ ಹೋಗಬೇಡ.

ಮನೆಗೆ ಹೋದ ತಕ್ಷಣ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಹತ್ತು ನಿಮಿಷ ಕೂರು. ಆಮೇಲೆ ಅಮ್ಮನಿಗೆ ಫೋನ್ ಮಾಡು. ಮೊದಲೇ ಮಾಡಬೇಡ.

ಸಿಟ್ಟು ಬಂದ ದಿನ ನನಗೆ ಬರಿ, ಮುಚ್ಚಿಡಬೇಡ. ಬಾಗಿಲು ಹಾಕಿದ ಮೇಲೆ ಎಷ್ಟು ಗಂಟೆಗೆ ಬಸ್ಸು ಸಿಗುತ್ತೆ, ಸ್ಟಾಪಿನವರೆಗೆ ಜೊತೆಗೆ ಯಾರಿರುತ್ತಾರೆ ಅಂತ ನೀನು ಬರೆದಿಲ್ಲ. ಮುಂದಿನ ಕಾಗದದಲ್ಲಿ ಅದನ್ನೇ ಮೊದಲು ಬರಿ.

ಇಂತಿ ನಿನ್ನ ದೊಡ್ಡಪ್ಪ