ಯಂತ್ರ ಕೆಟ್ಟಿದೆ, ದೂರನ್ನು ಯಂತ್ರಕ್ಕೇ ಕೊಡಿ!

ಮಾನ್ಯರೇ,

ನಮ್ಮ ತುಮಕೂರಿನ ವಾಚನಾಲಯದ 'ಡಿಜಿಟಲ್ ವಿಭಾಗ'ದ ಉದ್ಘಾಟನೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ರಿಬ್ಬನ್, ಶಾಲು, ಹಣ್ಣಿನ ಬುಟ್ಟಿ, ಪರದೆಯ ಮೇಲೆ ಬೆರಳಿಟ್ಟು ನಗುತ್ತಿರುವ ಗಣ್ಯರು, ಎಲ್ಲವೂ ಚಿತ್ರದಲ್ಲಿ ಚೆನ್ನಾಗಿ ಬಂದಿವೆ. ಮರುದಿನ ಬೆಳಿಗ್ಗೆಯೇ ಕಪ್ಪಾಗಿ ಕುಳಿತಿದ್ದ ಅದೇ ಪರದೆಯನ್ನು ನೋಡುವ ಭಾಗ್ಯ ಮಾತ್ರ ನನ್ನ ಪಾಲಿಗೆ ಬಂತು.

ನಾನು ಹೋದದ್ದು ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್‌ಸ್ಟರ್ ಅವರ 'ದಿ ಮಷಿನ್ ಸ್ಟಾಪ್ಸ್' ಕಥೆಗಾಗಿ. ಭಾನುವಾರ ನಮ್ಮ ಓದುಗರ ಕೂಟದಲ್ಲಿ ಅದರ ಬಗ್ಗೆ ಮಾತನಾಡಲು ಒಪ್ಪಿಕೊಂಡಿದ್ದೆ. ಆ ಕಥೆಯಿದ್ದ ಸಂಕಲನ ಕಿಟಕಿ ಪಕ್ಕದ ಕಪಾಟಿನಲ್ಲಿ ವರ್ಷಗಳಿಂದ ಇತ್ತು. ಈಗ ಕಪಾಟೇ ಇಲ್ಲ. ಕಂಪ್ಯೂಟರ್ ಮೇಜುಗಳಿಗೆ ಜಾಗ ಬೇಕೆಂದು ಇಂಗ್ಲಿಷ್ ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ಒಟ್ಟಿದ್ದಾರೆ. 'ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ ಸಾರ್' ಎಂದರು. ನೋಡಿದರೆ ಸರ್ವರ್ ಇಲ್ಲ. ಮಧ್ಯಾಹ್ನ ಬನ್ನಿ ಎಂದರು. ಮಧ್ಯಾಹ್ನ ಕರೆಂಟ್ ಇಲ್ಲ. ಸಂಜೆ ಎರಡೂ ಬಂದವು, ಪಾಸ್‌ವರ್ಡ್ ಗೊತ್ತಿದ್ದ ಸಿಬ್ಬಂದಿ ಸಭೆಗೆ ಹೋಗಿದ್ದರು. ಬಟವಾಡಿಯಿಂದ ಆ ಬಿಸಿಲಿನಲ್ಲಿ ಆಟೊಗೆ ಸುರಿದ ಹಣಕ್ಕೆ ಹೊಸ ಪುಸ್ತಕವೇ ಬರುತ್ತಿತ್ತು. ದೂರು ಪುಸ್ತಕವನ್ನಾದರೂ ಕೊಡಿ ಎಂದೆ. ಅದನ್ನೂ ತೆಗೆದಿದ್ದಾರಂತೆ, ದೂರನ್ನು ಆ ಕಂಪ್ಯೂಟರಿನಲ್ಲೇ ದಾಖಲಿಸಬೇಕಂತೆ!

ಚೀಲಕ್ಕೆ ತುಂಬುವ ಮೊದಲು ಆ ಕಥೆಯನ್ನು ಯಾರಾದರೂ ಒಮ್ಮೆ ಓದಬಾರದಿತ್ತೇ? ಪ್ರಕಟವಾದದ್ದು 1909ರಲ್ಲಿ. ಜನ ನೆಲದಡಿಯ ಕೋಣೆಗಳಲ್ಲಿ ಒಬ್ಬೊಬ್ಬರೇ ಕುಳಿತು ಊಟ, ಹಾಸಿಗೆ, ಸಂಗೀತ, ಉಪನ್ಯಾಸ ಎಲ್ಲವನ್ನೂ ಗುಂಡಿ ಒತ್ತಿ ಪಡೆಯುತ್ತಾರೆ. ಭೂಮಿಯ ಆಚೆ ಬದಿಯಲ್ಲಿರುವ ಮಗನ ಮುಖವನ್ನು ತಾಯಿ ತಟ್ಟೆಯಂಥ ಪರದೆಯಲ್ಲಿ ನೋಡುತ್ತಾಳೆ. ಬರಬರುತ್ತಾ ಯಂತ್ರ ಕೆಡುತ್ತದೆ. ಸಂಗೀತದ ನಡುವೆ ಏದುಸಿರಿನಂಥ ಸದ್ದು ಬಂದರೆ ದುರಸ್ತಿ ಸಮಿತಿಗೆ ದೂರು. ಶೀಘ್ರದಲ್ಲೇ ಸರಿಪಡಿಸಲಾಗುವುದು ಎಂಬ ಉತ್ತರ. ಸ್ನಾನದ ನೀರು ನಾರುತ್ತದೆ, ಜನ ಒಗ್ಗಿಕೊಳ್ಳುತ್ತಾರೆ. ಕೊನೆಗೆ ದುರಸ್ತಿ ಮಾಡುವ ಯಂತ್ರವೇ ದುರಸ್ತಿಗೆ ಬಂದಿದೆ ಎಂದು ತಿಳಿಯುತ್ತದೆ. ತುಮಕೂರಿನವರು ಯಾರೋ ಹೇಳಿಕೊಟ್ಟಿರಬೇಕು ಎನ್ನೋಣವೆಂದರೆ, ಫಾರ್‌ಸ್ಟರ್ ಭಾರತಕ್ಕೆ ಮೊದಲು ಬಂದದ್ದೇ 1912ರಲ್ಲಿ.

ಅವರು ವಿಜ್ಞಾನ ಕಥೆಗಾರರೆಂದು ಹೆಸರಾದವರೂ ಅಲ್ಲ. ಆ ಬಗೆಯ ಕಥೆಗಳಿಗೆ ಹೆಸರಾದ ಎಚ್.ಜಿ. ವೆಲ್ಸ್ ಕಟ್ಟಿದ ಯಂತ್ರಸ್ವರ್ಗವನ್ನು ಒಪ್ಪದೆ ಇದನ್ನು ಬರೆದರು. ಮರುವರ್ಷವೇ 'ಹೊವರ್ಡ್ಸ್ ಎಂಡ್' ಕಾದಂಬರಿ ಬಂತು. 1921ರಲ್ಲಿ ಮಧ್ಯಭಾರತದ ದೇವಾಸ್ ಸಂಸ್ಥಾನದ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿದ್ದರು. 1924ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ಬಂದ ಮೇಲೆ, 1970ರಲ್ಲಿ ತೀರಿಕೊಳ್ಳುವವರೆಗೆ ಇನ್ನೊಂದು ಕಾದಂಬರಿ ಪ್ರಕಟಿಸಲಿಲ್ಲ. ಉದ್ಘಾಟನೆಯಲ್ಲಿ ಮೈಕ್ ಬಿಡದವರಿಗೆ ಈ ಸಂಯಮದ ಕಾಲುಭಾಗವಾದರೂ ಇರಬಾರದೇ?

ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಅದನ್ನು ಕಟ್ಟಿಸಿಕೊಳ್ಳುವಾಗ ಮಾತ್ರ ಸರ್ವರ್ ಒಂದು ದಿನವೂ ಕೈಕೊಟ್ಟಿಲ್ಲ! ಖಾತೆ ನಕಲಿಗೆ ಅಲೆದಾಗಲೂ ಇದೇ ಸರ್ವರ್ ಕಥೆ ಕೇಳಿದ್ದೆ. ನಮ್ಮ ರಸ್ತೆಯಲ್ಲಿ ಕೇಬಲ್‌ಗೆಂದು ಅಗೆದ ಗುಂಡಿ ಹಾಗೆಯೇ ಬಾಯಿ ತೆರೆದಿದೆ, ಬೀದಿದೀಪ ಹಗಲೆಲ್ಲ ಉರಿದು ರಾತ್ರಿ ವಿಶ್ರಾಂತಿ ಪಡೆಯುತ್ತದೆ. ಫೋನ್ ಮಾಡಿದರೆ 'ಮೇಲಿನವರಿಗೆ ತಿಳಿಸಿದ್ದೇವೆ' ಎಂಬ ಮಂತ್ರ. ಆ ಮೇಲಿನವರು ಯಾರು, ಎಲ್ಲಿ ಕೂರುತ್ತಾರೆ ಎಂದು ನಿಮ್ಮ ವರದಿಗಾರರಾದರೂ ಪತ್ತೆ ಹಚ್ಚಲಿ.

ಸಂಬಂಧಪಟ್ಟವರು ಸರ್ವರ್ ಸರಿಪಡಿಸಲಿ, ಇಲ್ಲವೇ ಚೀಲ ಬಿಚ್ಚಿ ಪುಸ್ತಕಗಳನ್ನು ಕಪಾಟಿಗೆ ಜೋಡಿಸಲಿ. ಎರಡೂ ಆಗದಿದ್ದರೆ ಕರ ವಸೂಲಿಯನ್ನಾದರೂ ನಿಲ್ಲಿಸಲಿ. ಶಾಲು ಹೊದ್ದುಕೊಳ್ಳಲು ಇರುವ ಪುರಸೊತ್ತು ಕೆಲಸಕ್ಕೆ ಇಲ್ಲವೆಂದರೆ ಇವರಿಗೆ ಸಂಬಳ ಯಾಕೆ?

– ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಟವಾಡಿ, ತುಮಕೂರು