ಕಿಟ್ ಕಡ್ಡಾಯ ತೆಗೆಯಿರಿ, ಪಟ್ಟಿ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಇದೇ ವಿಷಯಕ್ಕೆ ತಮ್ಮ ಇಲಾಖೆಗೆ ಹಿಂದೆಯೂ ಅರ್ಜಿ ಹಾಕಿದ್ದೆ. 'ಪರಿಶೀಲನೆಯಲ್ಲಿದೆ' ಅಂತ ಉತ್ತರ ಬಂತು. ಈ ಪರಿಶೀಲನೆ ಮುಗಿಯುವಷ್ಟರಲ್ಲಿ ನನ್ನ ಕೋರ್ಸೇ ಮುಗಿದಿರುತ್ತದೆ. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ವಿದ್ಯಾರ್ಥಿಗಳ ತಲೆಗೆ ಕಟ್ಟುವ, ಪೇಷೆಂಟನ್ನು ಪರೀಕ್ಷಿಸುವ ಉಪಕರಣಗಳಿರುವ ಡಯಾಗ್ನೋಸ್ಟಿಕ್ ಕಿಟ್‌ನ ಕಡ್ಡಾಯ ತೆಗೆಯಿರಿ. ಉಪಕರಣ ಎಲ್ಲಿ ಕೊಳ್ಳಬೇಕು ಅಂತ ಹೇಳಬೇಡಿ, ಹೇಗಿರಬೇಕು ಅಂತ ಪಟ್ಟಿ ಕೊಡಿ.

ನಿಯಮವನ್ನು ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತೋಲೆ ತಮ್ಮ ಇಲಾಖೆಯದೇ, ಸಹಿಯೂ ಅಲ್ಲಿಯದೇ. ಕಾಲೇಜು ಮಾರುವ ಕಿಟ್ಟನ್ನೇ ಕೊಳ್ಳಿ ಅಂತ ವಿದ್ಯಾರ್ಥಿಗಳನ್ನು ಒತ್ತಾಯಿಸಬಾರದು ಅಂತ ಅದರಲ್ಲಿದೆ, ಅದನ್ನೇ ನಮ್ಮಲ್ಲಿ ಪ್ರತಿ ವರ್ಷ ತಪ್ಪದೆ ಮಾಡುತ್ತಾರೆ. ಅಡ್ಮಿಷನ್ ದಿನ ಫೀಸಿನ ಜೊತೆಗೇ ಕಿಟ್‌ನ ದುಡ್ಡೂ ಕಟ್ಟಬೇಕು. ರಸೀದಿಯಲ್ಲಿ ಅದರ ಹೆಸರು 'ಇತರೆ'. ಅದೇ ಸಾಮಾನು ಹೊರಗಡೆ ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತದೆ ಅಂತ ತೋರಿಸಿದರೆ, "ಅದು ಡೂಪ್ಲಿಕೇಟ್, ಇದು ಅಪ್ರೂವ್ ಆಗಿದ್ದು" ಅನ್ನುತ್ತಾರೆ. ಅಪ್ರೂವ್ ಮಾಡಿದವರು ಯಾರು ಅಂತ ಕೇಳಿದರೆ ಮುಂದಿನವರನ್ನು ಕರೆಯುತ್ತಾರೆ.

ಕಿಟ್ ಹೇಗಿತ್ತು ಅಂತ ಕೇಳಿ. ಜಿಪ್ ಇರುವ ನೀಲಿ ಬ್ಯಾಗ್, ಮೇಲೆ ಕಾಲೇಜಿನ ಲಾಂಛನ. ನಿಜ ಹೇಳಬೇಕೆಂದರೆ ಅದರಲ್ಲಿ ಗಟ್ಟಿಯಾಗಿದ್ದದ್ದು ಆ ಬ್ಯಾಗ್ ಒಂದೇ. ಸ್ಟೆತಸ್ಕೋಪ್‌ನ ಕೊಳವೆ ಸೆಟೆದುಕೊಂಡು ಅಂಗಿಗೆ ಉಜ್ಜುತ್ತಿತ್ತು. ಎದೆಯ ಸದ್ದಿಗಿಂತ ಆ ಸರಸರ ಸದ್ದೇ ಜಾಸ್ತಿ. ಮಂಡಿ ತಟ್ಟುವ ಸುತ್ತಿಗೆಯ ರಬ್ಬರ್ ತಲೆ ಮೊದಲ ವಾರವೇ ಹಾರಿಹೋಯಿತು. ತಟ್ಟಿದರೆ ಕಂಪಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್, 512 ಹರ್ಟ್ಸ್‌ನದು ಒಂದೇ. ಕಿವಿ ಪರೀಕ್ಷೆಗೆ ಅದು ಸರಿ. ಆದರೆ ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಕಂಪನ ಗೊತ್ತಾಗುತ್ತದೆಯಾ ಅಂತ ನೋಡಲು 128ರದು ಬೇಕು. ನಮ್ಮ ಸಿಲೆಬಸ್‌ನಲ್ಲೇ ಇದೆ. ಕಿಟ್ ಕಟ್ಟಿದವರು ಸಿಲೆಬಸ್ ಓದಿರಲಿಲ್ಲ, ಅಷ್ಟೇ.

ನನ್ನ ಅಕ್ಕನೂ ನರ್ಸ್. ಅವಳ ಹಳೆಯ ಸ್ಟೆತಸ್ಕೋಪ್ ಇತ್ತು. ಎದೆಗಿಡುವ ತುದಿಯ ತೆಳು ಪೊರೆ (ಡಯಾಫ್ರಮ್) ಮತ್ತು ಕಿವಿಯ ರಬ್ಬರ್ ಬದಲಾಯಿಸಿದ್ದಕ್ಕೆ ಹೊಸದರ ಹಾಗಾಗಿತ್ತು. ಅದೇ ಸಾಕು, ಕಿಟ್ ಬೇಡ ಅಂತ ಅಪ್ಪ ಆಫೀಸಿನಲ್ಲಿ ಬೇಡಿಕೊಂಡರು. ಕೌಂಟರ್‌ನ ಆಚೆ ಕೂತವರು ತಲೆ ಎತ್ತಲಿಲ್ಲ. "ಕಿಟ್ ಇಲ್ಲದೆ ಹಾಲ್ ಟಿಕೆಟ್ ಇಲ್ಲ" ಅಂದರು. ಅಪ್ಪ ಸಾಲ ಮಾಡಿ ದುಡ್ಡು ಕಟ್ಟಿದರು. ಆ ಸಾಲ ತೀರುವ ಮೊದಲೇ ಸುತ್ತಿಗೆಯ ತಲೆ ಹೋಗಿತ್ತು, ಪೆನ್‌ಟಾರ್ಚ್ ಆರಿಹೋಗಿತ್ತು.

ಇದೆಲ್ಲ ನುಂಗಿಕೊಂಡಿದ್ದೆ ಸ್ವಾಮಿ. ಈ ಪತ್ರ ಬರೆಸಿದ್ದು ಪ್ರಾಕ್ಟಿಕಲ್ ಪರೀಕ್ಷೆ.

ಅವತ್ತು ನನಗೆ ಸಿಕ್ಕ ಪೇಷೆಂಟ್ ಒಬ್ಬ ಅಜ್ಜಿ. ಬಿ.ಪಿ. ನೋಡಬೇಕಿತ್ತು. ನನ್ನ ಕೊರಳಲ್ಲಿ ಅಕ್ಕನ ಸ್ಟೆತಸ್ಕೋಪ್. ಪರೀಕ್ಷಕರು ದೂರದಿಂದಲೇ ಗಮನಿಸಿದರು.

"ಕಿಟ್‌ನದು ಎಲ್ಲಿ?"

"ಮೇಡಂ, ಅದರಲ್ಲಿ ಸರಿಯಾಗಿ ಕೇಳಿಸಲ್ಲ."

"ಎಲ್ಲರಿಗೂ ಕೇಳಿಸುತ್ತೆ, ನಿನಗೊಬ್ಬಳಿಗೇ ಕೇಳಿಸಲ್ವಾ?"

ವಾರ್ಡಿನಿಂದ ಹೊರಗೆ ಕಳಿಸಿದರು. ಗೆಳತಿಯ ಕಿಟ್ ಎರವಲು ತಂದೆ. ತೋಳಿಗೆ ಕಫ್ (ಗಾಳಿ ತುಂಬುವ ಬಟ್ಟೆಪಟ್ಟಿ) ಸುತ್ತುವ ಮೊದಲು ಅದರಲ್ಲಿದ್ದ ಬಿ.ಪಿ. ಮೆಷಿನ್ನಿನ ಡಯಲ್ ನೋಡಿದರೆ, ಗಾಳಿ ಪೂರ್ತಿ ಬಿಟ್ಟಿದ್ದರೂ ಮುಳ್ಳು 20ರ ಹತ್ತಿರ ನಿಂತಿದೆ. ಬೆರಳಲ್ಲಿ ತಟ್ಟಿದೆ. ಅಲುಗಲಿಲ್ಲ. ಮೇಡಂಗೆ ತೋರಿಸಿದೆ. "ಟೈಂ ವೇಸ್ಟ್ ಮಾಡಬೇಡ, ಕಂಡಿದ್ದನ್ನು ಬರೆ" ಅಂದರು. ಗಾಳಿ ತುಂಬಿ ನಿಧಾನವಾಗಿ ಬಿಟ್ಟೆ. ಮೊದಲ ಟಕ್ ಸದ್ದು, ಅಂದರೆ ಮೇಲಿನ ಬಿ.ಪಿ., 158ಕ್ಕೆ ಕೇಳಿಸಿತು. ಬರೆದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ಜಾಸ್ತಿ ಇದೆಯಾ ಮಗಳೇ? ಮಾತ್ರೆ ತಪ್ಪಿಸಿಲ್ಲ ನಾನು" ಅಂದರು. ಪರೀಕ್ಷೆಯ ಮಧ್ಯೆ ನಾನು ಏನು ಹೇಳಲಿ? ಪರೀಕ್ಷೆ ಮುಗಿದ ಮೇಲೆ ವಾರ್ಡ್ ಸಿಸ್ಟರ್ ತಮ್ಮ ಮೆಷಿನ್ ತಂದು ಮತ್ತೆ ನೋಡಿದರು. 136. ಅಷ್ಟು ಹೊತ್ತೂ ಅಜ್ಜಿ ಹೆದರಿಕೊಂಡೇ ಮಲಗಿದ್ದರು.

ಇನ್ನು ನನ್ನ ಅಂಕಪಟ್ಟಿ. 'ನಿಗದಿತ ಉಪಕರಣ ತಂದಿಲ್ಲ' ಅಂತ ಷರಾ ಬರೆದು ಅಂಕ ಕಡಿದಿದ್ದಾರೆ. ಸರಿಯಾಗಿ ಕೇಳಿಸುವ ಸ್ಟೆತಸ್ಕೋಪ್ ತಂದವಳಿಗೆ ದಂಡ. ಸೊನ್ನೆಗೇ ಬಾರದ ಮೆಷಿನ್ ಮಾರಿದವರಿಗೆ ಮುಂದಿನ ವರ್ಷದ ಆರ್ಡರ್. ಎಂಥ ನ್ಯಾಯ ಸ್ವಾಮಿ ಇದು?

ತಮಗೆ ಸಲಹೆಗಾರರು ಇದ್ದಾರೆ, ಅವರನ್ನೇ ಕೇಳಿ. ಪಾದರಸದ ಹಳೆಯ ಬಿ.ಪಿ. ಮೆಷಿನ್ ಇದ್ದಾಗ ಈ ಗೋಳು ಇಷ್ಟಿರಲಿಲ್ಲ. ಪಾದರಸ ವಿಷ. ಅದಕ್ಕೇ ಅಂಥ ಮೆಷಿನ್, ಥರ್ಮಾಮೀಟರ್‌ಗಳ ತಯಾರಿಕೆ, ಆಮದು, ರಫ್ತಿಗೆ ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2020ರ ಗಡುವು ಹಾಕಿತು. ಒಳ್ಳೆಯದೇ ಆಯಿತು. ಆದರೆ ಡಯಲ್ ಮೆಷಿನ್ ಒಳಗಿರುವುದು ತೆಳು ಲೋಹದ ಡಬ್ಬಿ, ಸಣ್ಣ ಹಲ್ಲುಗಾಲಿ. ಒಂದು ಸಲ ಕೈಜಾರಿ ಬಿದ್ದರೂ ಲೆಕ್ಕ ತಪ್ಪಬಹುದು. ಮುಳ್ಳು ಸೊನ್ನೆಯಲ್ಲಿ ನಿಂತ ಮಾತ್ರಕ್ಕೆ ಮೆಷಿನ್ ಸರಿ ಇದೆ ಅಂತಲ್ಲ. ಸೊನ್ನೆಗೇ ಬರದಿದ್ದರೆ ಮಾತ್ರ ಅದು ಖಂಡಿತ ಕೆಟ್ಟಿದೆ. ಪರೀಕ್ಷಿಸುವುದೂ ದೊಡ್ಡ ವಿದ್ಯೆಯಲ್ಲ. ಕವಲು ಕೊಳವೆ ಹಾಕಿ, ಸರಿ ಇದೆ ಅಂತ ಗೊತ್ತಿರುವ ಇನ್ನೊಂದು ಮೀಟರ್‌ಗೆ ಜೋಡಿಸಿ, ಎರಡೂ ಏನು ತೋರಿಸುತ್ತವೆ ನೋಡಬೇಕು. ಪಾದರಸದ ಲೆಕ್ಕದಲ್ಲಿ 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಮ್ಮ ಕಿಟ್‌ಗಳಿಗೆ ಈ ಪರೀಕ್ಷೆ ಯಾರೂ ಮಾಡಿಲ್ಲ.

ಕಫ್‌ನ ಕಥೆ ಇನ್ನೊಂದು. ಕಿಟ್‌ನಲ್ಲಿ ಒಂದೇ ಅಳತೆಯ ಕಫ್. ಒಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ 80% ಇರಬೇಕು, ಅಗಲ 40%. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿ.ಪಿ. ಇಲ್ಲದಷ್ಟು ಜಾಸ್ತಿ ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಕಫ್ ಬೇಕಾದವರಿಗೆ ಸಾಮಾನ್ಯ ಕಫ್ ಹಾಕಿದಾಗ ಮೇಲಿನ ಬಿ.ಪಿ. ಸರಾಸರಿ 19.5 ಮಿ.ಮೀ. ಜಾಸ್ತಿ ಬಂತು. ಬೇಡದ ಮಾತ್ರೆ ಶುರುವಾಗಲು ಅಷ್ಟು ಸಾಕು.

"ಅಗ್ಗದ್ದು ಕೊಂಡರೆ ಹೀಗೇ ಆಗುತ್ತದೆ" ಅಂತ ಯಾರಾದರೂ ತಮ್ಮ ಕಿವಿಯಲ್ಲಿ ಊದಬಹುದು. ನಾವು ಕೊಂಡಿದ್ದು ಅಗ್ಗದ್ದಲ್ಲವಲ್ಲ! ದುಬಾರಿ ಕೊಟ್ಟು ಕೆಟ್ಟದ್ದು ಕೊಂಡಿದ್ದೇವೆ. 1816ರಲ್ಲಿ ಲೆನೆಕ್ ಎಂಬ ಫ್ರೆಂಚ್ ವೈದ್ಯ ಕಾಗದ ಸುರುಳಿ ಸುತ್ತಿ ಎದೆಗಿಟ್ಟು ಕೇಳಿದ, ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಸದ್ಯ, ಅವನ ಪರೀಕ್ಷಕರು ನಮ್ಮ ಮೇಡಂ ಆಗಿರಲಿಲ್ಲ. ಈಗಿನ ಕಾಲದ್ದೇ ಬೇಕೆಂದರೆ, ಗ್ಲಿಯಾ ಅನ್ನುವ ತಂಡ 3ಡಿ ಪ್ರಿಂಟರ್‌ನಲ್ಲಿ ಮಾಡುವ ಸ್ಟೆತಸ್ಕೋಪ್ ಇದೆ. ಗಾಜಾದಲ್ಲಿ ಉಪಕರಣಗಳಿಗೆ ಪರದಾಡಿದ ವೈದ್ಯರೊಬ್ಬರಿಂದ ಶುರುವಾದ ಕೆಲಸ ಅದು. ವಿನ್ಯಾಸ ಎಲ್ಲರಿಗೂ ಉಚಿತ. ದುಬಾರಿ ಬ್ರ್ಯಾಂಡ್‌ನ ಪಕ್ಕದಲ್ಲಿಟ್ಟು ಅಳೆದು ನೋಡಿದ ಫಲಿತಾಂಶ 2018ರಲ್ಲಿ ಪ್ರಕಟವಾಗಿದೆ. ಸದ್ದು ದಾಟಿಸುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಕಣ್ಣು, ಕಿವಿ ನೋಡಲು ಆರ್ಕ್‌ಲೈಟ್ ಅನ್ನುವ ಉಪಕರಣ ಇದೆ. ಬೆರಳುದ್ದದ್ದು, ಬಿಸಿಲಲ್ಲೇ ಚಾರ್ಜ್ ಆಗುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದವರು ಬಡ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಸಿದ್ದು.

ಅಗ್ಗದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ಗಳಲ್ಲಿ ಸುಮ್ನೆ ಏನೋ ಅಂಕಿ ತೋರಿಸುವ ಆಟಿಕೆಗಳೂ ಇವೆ. ಆಸ್ಪತ್ರೆಯಲ್ಲಿ ಬಳಸುವ ಆಕ್ಸಿಮೀಟರ್‌ಗಳೇ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇರುವುದಕ್ಕಿಂತ ಜಾಸ್ತಿ ತೋರಿಸಿದ್ದು 2020ರ ಅಧ್ಯಯನದಲ್ಲಿ ಕಂಡಿದೆ. ಅದಕ್ಕೇ ಪಟ್ಟಿ ಕೇಳುತ್ತಿರುವುದು. ವಿದ್ಯಾರ್ಥಿಗೆ ಯಾವುದು ಒಳ್ಳೆಯದು, ಯಾವುದು ಟೊಳ್ಳು ಅಂತ ಅಂಗಡಿಯಲ್ಲಿ ನಿಂತು ಹೇಗೆ ಗೊತ್ತಾಗಬೇಕು? ಪರೀಕ್ಷೆಯಲ್ಲಿ ಪಾಸಾದ ಬಿ.ಪಿ. ಮೆಷಿನ್‌ಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಅನ್ನುವ ಸಂಸ್ಥೆ ಈಗಾಗಲೇ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಹೊಸದಾಗಿ ಸಮಿತಿ ಮಾಡುವ ಕಷ್ಟ ಕೂಡ ಬೇಡ. ಸಮಿತಿ ಅಂದ ಕೂಡಲೇ ಭಯವಾಗುತ್ತದೆ ಸ್ವಾಮಿ. ಚಹಾ ವಿರಾಮದಲ್ಲೇ ಎರಡು ವರ್ಷ ಕಳೆದುಬಿಡುತ್ತಾರೆ.

ಅಂದಹಾಗೆ, ಕಿಟ್ ವಿತರಣೆ ಸಮಾರಂಭದಲ್ಲಿ ತಾವು ಸ್ಟೆತಸ್ಕೋಪ್ ಹಾಕಿಕೊಂಡ ಫೋಟೋ ನಮ್ಮ ಕಾಲೇಜಿನ ಗೋಡೆ ಮೇಲಿದೆ. ಕಿವಿಗೆ ಹೋಗುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು, ತಾವು ಉಲ್ಟಾ ಹಾಕಿಕೊಂಡಿದ್ದೀರಿ. ಹಾಗೆ ಹಾಕಿಕೊಂಡರೆ ಏನೂ ಸರಿಯಾಗಿ ಕೇಳಿಸುವುದಿಲ್ಲ. ನಮ್ಮ ಅರ್ಜಿಗಳ ಗತಿ ನೋಡಿದರೆ, ಅವತ್ತಿನಿಂದ ತೆಗೆದೇ ಇಲ್ಲವೇನೋ ಅನಿಸುತ್ತದೆ. ಒರಟಾಯಿತೇ? ಆಗಲಿ. ಅಜ್ಜಿಯ ಮುಖ ತಾವು ನೋಡಿಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಕಡ್ಡಾಯ ತೆಗೆಯಿರಿ. ಉಪಕರಣ ಹೇಗಿರಬೇಕು ಅಂತ ಒಂದು ಪುಟದ ಪಟ್ಟಿ ಹೊರಡಿಸಿ. ಹಳೆಯದಾಗಲಿ, ಅಕ್ಕನದಾಗಲಿ, ಎರವಲಾಗಲಿ, ಪಟ್ಟಿಗೆ ಹೊಂದಿದರೆ ಪರೀಕ್ಷೆಗೆ ಬಿಡಬೇಕು ಅಂತ ಆದೇಶ ಮಾಡಿ. ಪ್ರತಿ ಕಾಲೇಜಿನಲ್ಲಿ ಮೀಟರ್ ಪರೀಕ್ಷಿಸುವ ಒಂದು ಮೇಜು ಇರಲಿ. ಕೊಳ್ಳಲಾಗದವರಿಗೆ ಲೈಬ್ರರಿಯ ಪುಸ್ತಕದಂತೆ ಸಹಿ ಹಾಕಿಸಿಕೊಂಡು ಕೊಡಲಿ, ಕೋರ್ಸ್ ಮುಗಿದ ಮೇಲೆ ವಾಪಸ್ ಪಡೆಯಲಿ. ಆದರೆ ಮೊದಲು ಕಡ್ಡಾಯ ಹೋಗಲಿ. ಅದೊಂದು ಹೋದರೆ ಉಳಿದದ್ದಕ್ಕೆ ನಾವು ಕಾಯುತ್ತೇವೆ, ಕಾದು ಅಭ್ಯಾಸವಿದೆ.

ನನ್ನ ಅಂಕ ವಾಪಸ್ ಬರುವುದಿಲ್ಲ, ಅದನ್ನು ಕೇಳುತ್ತಲೂ ಇಲ್ಲ. ಹೊಸ ಬ್ಯಾಚ್‌ನ ಅಡ್ಮಿಷನ್ ಇನ್ನೇನು ಶುರುವಾಗುತ್ತದೆ. ನೀಲಿ ಬ್ಯಾಗ್‌ಗಳು ಆಗಲೇ ಆಫೀಸಿನ ಪಕ್ಕದ ಕೋಣೆಯಲ್ಲಿ ಬಂದು ಕೂತಿವೆ. ಆ ಮಕ್ಕಳು ಕೌಂಟರ್‌ನಲ್ಲಿ ದುಡ್ಡು ಎಣಿಸುವ ಮೊದಲು ಆದೇಶ ಬರಲಿ.

ಇಂತಿ,
ಕೊನೆಯ ವರ್ಷದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ