ಆಪ್ಷನ್ ಎಂಟ್ರಿ: ಬೇಕಾದದ್ದು ಮೇಲಿರಲಿ

ಸಿಇಟಿ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ಆನ್‌ಲೈನ್‌ನಲ್ಲಿ ನಮೂದಿಸುವಾಗ, ಅನೇಕರು ಖಚಿತವಾಗಿ ಸಿಗುವ ಕಾಲೇಜನ್ನೇ ಮೊದಲು ನಮೂದಿಸುತ್ತಾರೆ. ಇದು ತಪ್ಪು. ಸೀಟು ಹಂಚಿಕೆ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಒಂದು ಸಿಕ್ಕಿತೆಂದರೆ ಅದರ ಕೆಳಗಿನವನ್ನು ಪರಿಗಣಿಸುವುದೇ ಇಲ್ಲ. ನಿಜಕ್ಕೂ ಬೇಕಾದದ್ದು ಮೇಲಿರಲಿ, ಹಿಂದಿನ ವರ್ಷದ ಕಟಾಫ್ (ಕೊನೆಯ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತ್ತು ಎಂಬುದು) ನೋಡಿ ಸುಲಭವಾಗಿ ಸಿಗುವಂಥವು ಕೊನೆಗಿರಲಿ. ನಿಜವಾದ ಹಂಚಿಕೆಗೆ ಮುನ್ನ ನಡೆಯುವ ಪ್ರಾಯೋಗಿಕ ಸುತ್ತಾದ ಅಣಕು ಹಂಚಿಕೆಯ ನಂತರವೂ ಕ್ರಮ ಬದಲಿಸಬಹುದು.

ಕಂಪ್ಯೂಟರ್ ಸೈನ್ಸೋ ಸಿವಿಲ್ಲೋ ಎಂಬ ಗೊಂದಲವಿದ್ದರೆ ಎರಡರ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮ ತೆರೆದು, ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ನ ವಿಷಯಗಳನ್ನು ಓದಿ ನೋಡಿ. ಸಂಬಳದ ಲೆಕ್ಕ ನಾಲ್ಕು ವರ್ಷದಲ್ಲಿ ಬದಲಾದೀತು, ಓದಬೇಕಾದ್ದು ಮಾತ್ರ ಇದನ್ನೇ.

ಸೀಟು ಹಂಚಿಕೆಯಾದ ಮೇಲೆ ಮುಂದೇನು ಎಂಬುದನ್ನು ‘ಚಾಯ್ಸ್’ ಆರಿಸಿ ತಿಳಿಸಬೇಕು. ಸಿಕ್ಕ ಸೀಟು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯುವವರು ಚಾಯ್ಸ್ 2 ಆರಿಸಬೇಕು. ಚಾಯ್ಸ್ 3 ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಪೋಷಕರೇ, ದಯವಿಟ್ಟು ಈ ಕೆಲಸವನ್ನು ಸೈಬರ್ ಸೆಂಟರ್‌ನವರಿಗೆ ಬಿಡದೆ ಮಕ್ಕಳ ಜೊತೆ ಕುಳಿತು ಮಾಡಿ.

– ವೃತ್ತಿ ಮಾರ್ಗದರ್ಶಕರು, ದಾವಣಗೆರೆ